ಬಾಗಿಲಿಗೆ ನೋಟಿಸ್ ಅಂಟಿಸಿದ ಮೇಲೆ

‘ನಮ್ಮನ್ನ ಮನೇಲಿ ಕೂಡಿಹಾಕೋ ಅಧಿಕಾರ ನಿಮಗೆಲ್ಲಿದೆ ಡಾಕ್ಟ್ರೇ?’ 2020ರಲ್ಲಿ, ಕೋವಿಡ್ ಹಬ್ಬಿದ್ದ ಕಾಲದಲ್ಲಿ, ತಾಲ್ಲೂಕು ಆರೋಗ್ಯ ಅಧಿಕಾರಿಯಾಗಿದ್ದಾಗ ದಿನಾ ಕೇಳಿಸಿಕೊಂಡ ಮಾತಿದು. ಕೇಳಬೇಕಾದ ಪ್ರಶ್ನೆಯೇ ಅಲ್ವಾ?

ಅಧಿಕಾರ ಇದೆ, ಆದರೆ ಡಾಕ್ಟರ ಸ್ವಂತದ್ದಲ್ಲ. ಮುಂಬಯಿ ಪ್ರಾಂತ್ಯದಲ್ಲಿ ಪ್ಲೇಗ್ ಹಬ್ಬಿದಾಗ 1897ರಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಇದ್ದದ್ದು ನಾಲ್ಕೇ ಸೆಕ್ಷನ್. ಮಾಮೂಲಿ ಕಾನೂನು ಸಾಲದೆಂದು ಕಂಡರೆ ಸರ್ಕಾರ ತಾತ್ಕಾಲಿಕ ನಿಯಮ ಮಾಡಬಹುದು, ಮೀರಿದವರಿಗೆ ಶಿಕ್ಷೆ. ಕೂಡಿಹಾಕಿದವರಿಗೆ ಊಟ ಕೊಡುವವರು ಯಾರು ಅನ್ನುವ ಒಂದು ಸಾಲೂ ಅದರಲ್ಲಿಲ್ಲ. 2020ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ಮಾಡಿಕೊಂಡಿತು. ಜಿಲ್ಲೆಯಲ್ಲಿ ಡಿಸಿಯವರಿಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಬಲವೂ ಇದೆ. ನಾವು ಆ ಆದೇಶಗಳನ್ನು ಜಾರಿ ಮಾಡುವವರು.

ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರ ಬಾಗಿಲಿಗೆ, ಮನೆಯಿಂದ ಹೊರಗೆ ಬರಬಾರದೆಂಬ ನೋಟಿಸ್ ಅಂಟಿಸಿದೆವು. ಕಾನೂನಿನ ಬಗ್ಗೆ ಅವರು ಏನೂ ಕೇಳಲಿಲ್ಲ. ‘ಹಸುಗೆ ಹುಲ್ಲು ತರೋರು ಯಾರು ಮಗಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಅವರ ಮನೆಯ ಹಾಲು ಡೇರಿಗೆ ಬೇಡವಾಯಿತು. ಕೊಟ್ಟಿಗೆಯ ಹಸು ಹಸಿದು ಕೂಗುತ್ತಿತ್ತು. ಅಜ್ಜಿ ಹುಲ್ಲಿಗೆ ಹೊರಗೆ ಹೋದರೆ ಅದು ತಪ್ಪಾ? ತಪ್ಪು ನಮ್ಮದು. ಕೊನೆಗೆ ಆಶಾ ಕಾರ್ಯಕರ್ತೆಯೇ ಪಕ್ಕದ ಮನೆಯ ಹುಡುಗನನ್ನು ಒಪ್ಪಿಸಿ ದಿನಾ ಒಂದು ಹೊರೆ ಹುಲ್ಲು ಬೇಲಿಯಾಚೆ ಹಾಕಿಸಿದರು.

ರೋಗದ ಮನೆ ಎಂದು ಊರಿಗೆಲ್ಲ ಸಾರಿದ ಆ ನೋಟಿಸ್ ಕೂಡ ನೋವು ಕೊಟ್ಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಸಂಬಂಧಪಟ್ಟ ಅಧಿಕಾರಿಯ ನಿರ್ದಿಷ್ಟ ಆದೇಶವಿಲ್ಲದೆ ಕೋವಿಡ್ ರೋಗಿಗಳ ಮನೆಮುಂದೆ ಪೋಸ್ಟರ್ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿತು.

ಲಸಿಕೆಯ ವಿಷಯ ಬೇರೆ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು 2022ರ ಮೇ 2ರಂದು ಅದೇ ಕೋರ್ಟ್ ತೀರ್ಪು ಕೊಟ್ಟಿತು. ಜನರ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹಾಕಬಹುದು, ಆದರೆ ಅದು ಅತಿಯಾಗಬಾರದು ಎಂದಿತು. ನನಗೆ ಇದು ಸರಿ ಅನ್ನಿಸಿತು. ಹೆದರಿಸಿದರೆ ಜನ ತೋಟಕ್ಕೆ ಓಡಿಹೋಗುತ್ತಾರೆ. ಜಗಲಿ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರೆ ಎಷ್ಟೋ ಜನ ತಾವೇ ಲಸಿಕೆಗೆ ತೋಳು ಒಡ್ಡುತ್ತಾರೆ.

ಅಜ್ಜಿ ಮನೆಯ ನಂತರ ನಾನು ಪ್ರತಿ ಆದೇಶದ ಹಿಂದೆ ಪೆನ್ನಿನಲ್ಲಿ ಮೂರು ಸಾಲು ಬರೆಯತೊಡಗಿದೆ: ಎಂದು ಬಿಡುಗಡೆ, ರೇಷನ್ ತರುವವರು ಯಾರು, ದನಕರು ನೋಡುವವರು ಯಾರು. ಮೂರೂ ತುಂಬುವವರೆಗೆ ಸಹಿ ಹಾಕುತ್ತಿರಲಿಲ್ಲ.