ಕೋಲಾರದ ಎಲೆಮೂಗಿನ ಬಾವಲಿಯನ್ನು ಎಣಿಸುವುದು ಹೇಗೆ?

ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯಲ್ಲಿ ಒಂದು ಗ್ರಾನೈಟ್ ಗುಡ್ಡವಿದೆ. ಅದರ ಬಂಡೆಗಳ ನಡುವಿನ ಗುಹೆಯಲ್ಲಿ ನಾಲ್ಕು ಬಗೆಯ ಎಲೆಮೂಗಿನ ಬಾವಲಿಗಳು ಒಟ್ಟಿಗೆ ಬದುಕುತ್ತವೆ. ನಾಲ್ಕರಲ್ಲಿ ಒಂದಾದ ಕೋಲಾರದ ಎಲೆಮೂಗಿನ ಬಾವಲಿಗೆ ಜಗತ್ತಿನಲ್ಲಿ ಸದ್ಯ ಗೊತ್ತಿರುವ ನೆಲೆ ಇದೊಂದೇ. ಫ್ರಾಂಕ್‌ಫರ್ಟಿನ ಡೀಟರ್ ಕಾಕ್ ಮತ್ತು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಎಚ್.ಆರ್. ಭಟ್ 1994ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿ ಹಿಪ್ಪೊಸಿಡೆರೊಸ್ ಹೈಪೊಫಿಲಸ್ ಎಂದು ಹೆಸರಿಟ್ಟರು. ಮೊದಲು ಇದು ಇದೇ ಜಿಲ್ಲೆಯ ತೇರಹಳ್ಳಿಯಲ್ಲೂ ಇತ್ತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು ಮತ್ತು ಚೆಲ್ಮಲ ಶ್ರೀನಿವಾಸುಲು ಅವರ ತಂಡ ಮತ್ತೆ ಹುಡುಕಿದಾಗ ಅಲ್ಲಿ ಒಂದೂ ಸಿಗಲಿಲ್ಲ. ಹನುಮನಹಳ್ಳಿಯಲ್ಲಿ ಉಳಿದಿದ್ದವು 200ಕ್ಕಿಂತ ಕಡಿಮೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ತೀರಾ ಅಂಚಿಗೆ ಬಂದ ಪ್ರಾಣಿಗಳ ಸಾಲಿನಲ್ಲಿದೆ. ಇಂಥ ಬಂಡೆಗಳ ಮೇಲೆಯೇ ಕಲ್ಲು ಗಣಿಯವರ ಕಣ್ಣೂ ಇರುತ್ತದೆ.

200ಕ್ಕಿಂತ ಕಡಿಮೆ ಎಂಬ ಲೆಕ್ಕದಲ್ಲಿ 40ರಷ್ಟು ಹೆಚ್ಚುಕಡಿಮೆಯಾದರೆ ಇಡೀ ಪ್ರಭೇದದ ಐದನೇ ಒಂದು ಭಾಗ ಇದೆಯೋ ಇಲ್ಲವೋ ಎಂಬ ಗೊಂದಲ ಹುಟ್ಟುತ್ತದೆ. ಹಾಗಾಗಿ ಇಲ್ಲಿ ಎಣಿಕೆಯ ವಿಧಾನವೇ ಸಂಶೋಧನೆಯ ಜೀವಾಳ. ಬಾವಲಿಗಳನ್ನು ಎಣಿಸುವ ಯಾವ ವಿಧಾನವೂ ದೋಷವಿಲ್ಲದ್ದಲ್ಲ, ಆದರೆ ಒಂದೊಂದರ ದೋಷವೂ ಒಂದೊಂದು ಕಡೆಗೆ ವಾಲುತ್ತದೆ. ಯಾವುದು ಯಾವ ಕಡೆ ವಾಲುತ್ತದೆಂದು ತಿಳಿದವರು ಮಾತ್ರ ಸಂಖ್ಯೆಯನ್ನು ನಂಬಬಹುದು.

ಟಾರ್ಚ್ ಹಿಡಿದು ಗುಹೆಯೊಳಗೆ ಹೋಗಿ ಎಣಿಸುವುದು ಹಳೆಯ ಪದ್ಧತಿ. ಸಣ್ಣ ಗುಹೆಯಲ್ಲಿ ಇದನ್ನು ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಕಿಗೆ, ಉಸಿರಿಗೆ, ಸದ್ದಿಗೆ ಬೆದರಿ ಬಾವಲಿಗಳು ಎದ್ದು ಸುತ್ತತೊಡಗಿದರೆ ಒಂದನ್ನೇ ಎರಡು ಸಲ ಎಣಿಸುವುದು ಖಂಡಿತ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಎದೆಗೆ ಕಚ್ಚಿಕೊಂಡ ಮರಿ ಆ ಗಲಿಬಿಲಿಯಲ್ಲಿ ಕೆಳಗೆ ಬೀಳುತ್ತದೆ. ಈ ಗುಂಪಿನ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಒಂದು ಎಣಿಕೆಗಾಗಿ ನಾಲ್ಕು ಮರಿ ಹೋದರೆ ನಾಲ್ಕು ತಾಯಂದಿರ ಇಡೀ ವರ್ಷ ಹೋದ ಹಾಗೆ.

ಬದಲಿಗೆ ಮುಸ್ಸಂಜೆ ಗುಹೆಯ ಬಾಯಿಯ ಹೊರಗೆ ಕ್ಯಾಮೆರಾ ಇಟ್ಟು, ಹಾರಿ ಹೋಗುವವನ್ನು ಎಣಿಸಬೇಕು. ಸೂರ್ಯ ಮುಳುಗುವ ಮೊದಲೇ ಎಲ್ಲವೂ ಸಜ್ಜಾಗಿರಬೇಕು. ರೆಕಾರ್ಡಿಂಗ್ ಕನಿಷ್ಠ ಒಂದೂವರೆ ಗಂಟೆ ನಡೆಯಬೇಕು. ಮೈಶಾಖವನ್ನು ಹಿಡಿಯುವ ಥರ್ಮಲ್ ಕ್ಯಾಮೆರಾ ಇಲ್ಲದಿದ್ದರೆ ಸಾಮಾನ್ಯ ಕ್ಯಾಮೆರಾ ಮತ್ತು ಅತಿಗೆಂಪು ದೀಪ ಸಾಕು. 850 ನ್ಯಾನೊಮೀಟರ್ ತರಂಗಾಂತರದ ದೀಪ ಮಂದ ಕೆಂಪಾಗಿ ಕಣ್ಣಿಗೆ ಕಾಣುತ್ತದೆ. 940ರದ್ದು ಕಾಣುವುದಿಲ್ಲ, ಆದರೆ ಆ ಬೆಳಕಿಗೆ ಕ್ಯಾಮೆರಾಗಳು ಅಷ್ಟಾಗಿ ಸ್ಪಂದಿಸುವುದಿಲ್ಲ, ಆದ್ದರಿಂದ ದೀಪಗಳ ಸಂಖ್ಯೆ ಹೆಚ್ಚಿಸಬೇಕಾಗುತ್ತದೆ.

ಬಾವಲಿಗಳು ಹೊರಟವೆಂದರೆ ಒಂದೇ ಸಲ ಹೊರಟುಹೋಗುವುದಿಲ್ಲ. ಬಾಯಿಯ ತನಕ ಬಂದು, ಹೊರಗೆ ಇನ್ನೂ ಬೆಳಕಿದೆಯೆಂದು ಒಳಗೆ ತಿರುಗಿ, ಮತ್ತೆ ಬರುತ್ತವೆ. ಹೊರಬಂದವನ್ನಷ್ಟೇ ಎಣಿಸಿದರೆ ಇದ್ದದ್ದಕ್ಕಿಂತ ಹೆಚ್ಚು ಸಂಖ್ಯೆ ಸಿಗುತ್ತದೆ. ಆದ್ದರಿಂದ ವಿಡಿಯೊವನ್ನು ನಿಧಾನಗತಿಯಲ್ಲಿ ನೋಡುತ್ತಾ ಹೊರಬಂದವು, ಒಳಹೋದವು ಎಂದು ಎರಡು ಸಾಲು ಬರೆದು ಕಳೆಯಬೇಕು. ಇಬ್ಬರು ಬೇರೆಬೇರೆಯಾಗಿ ಕೂತು ಎಣಿಸಿ ಆಮೇಲೆ ತಾಳೆ ನೋಡಿದರೆ ಕಣ್ತಪ್ಪುಗಳು ಹೊರಬೀಳುತ್ತವೆ. ಗ್ರಾನೈಟ್ ಗುಡ್ಡದಲ್ಲಿ ಇನ್ನೊಂದು ತೊಡಕಿದೆ. ಸುಣ್ಣಕಲ್ಲಿನ ಗುಹೆಯ ಹಾಗೆ ಇಲ್ಲಿ ನೀರು ಕೊರೆದ ಒಂದು ದಾರಿ ಇರುವುದಿಲ್ಲ. ಬಂಡೆ ಮೇಲೆ ಬಂಡೆ ಕೂತು ಆದ ಸಂದುಗಳೇ ಗುಹೆ. ಹಿಂದೆ ಎಲ್ಲೋ ಅಂಗೈ ಅಗಲದ ಬಿರುಕೊಂದು ಇದ್ದರೆ ಸಾಕು, ಅರ್ಧ ಬಾವಲಿಗಳು ಆ ಕಡೆಯಿಂದ ಹೊರಟುಹೋಗಬಹುದು. ಹಿಂದಿನ ಸಂಜೆಯೇ ಗುಡ್ಡವನ್ನು ಸುತ್ತು ಹಾಕಿ ಎಲ್ಲ ಬಿರುಕುಗಳನ್ನೂ ಗುರುತಿಸಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೆ ಸಿಗುವುದು ಒಟ್ಟು ಸಂಖ್ಯೆ ಮಾತ್ರ. ನಾಲ್ಕು ಬಗೆಯವೂ ಕತ್ತಲಲ್ಲಿ ಒಂದೇ ಬಾಯಿಂದ ಹೊರಬರುವಾಗ ಯಾವುದು ಯಾವುದೆಂದು ಕ್ಯಾಮೆರಾ ಹೇಳುವುದಿಲ್ಲ. ಅದನ್ನು ಹೇಳುವುದು, ಕತ್ತಲಲ್ಲಿ ಪ್ರತಿಧ್ವನಿ ಕೇಳಿ ದಾರಿ ತಿಳಿಯಲೆಂದು ಅವು ಹಾಕುವ ಕೂಗು.

ಎಲೆಮೂಗಿನ ಬಾವಲಿಯ ಕೂಗಿನಲ್ಲಿ ಎರಡು ಭಾಗಗಳಿವೆ: ಏರಿಳಿತವಿಲ್ಲದೆ ಒಂದೇ ಶ್ರುತಿಯಲ್ಲಿ ಕೆಲವು ಮಿಲಿಸೆಕೆಂಡ್ ಎಳೆಯುವ ಸ್ವರ, ಕೊನೆಯಲ್ಲಿ ಥಟ್ಟನೆ ಕೆಳಗಿಳಿಯುವ ಬಾಲ. ಆ ಸ್ಥಿರ ಸ್ವರದ ಆವರ್ತನ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಹನುಮನಹಳ್ಳಿಯ ನಾಲ್ಕರಲ್ಲಿ ಕೋಲಾರದ ಬಾವಲಿಯದು ಎಲ್ಲಕ್ಕಿಂತ ಕೆಳಗೆ, ಸುಮಾರು 105 ಕಿಲೊಹರ್ಟ್ಸ್, ಅಂದರೆ ಸೆಕೆಂಡಿಗೆ 1,05,000 ಕಂಪನ. ಷ್ನೈಡರನ ಎಲೆಮೂಗಿನ ಬಾವಲಿಯದು 130ರ ಆಸುಪಾಸು, ಫಲ್ವಸ್ ಬಾವಲಿಯದು 150ರ ಆಸುಪಾಸು, ದುರ್ಗಾದಾಸನ ಎಲೆಮೂಗಿನ ಬಾವಲಿಯದು 170ರ ಸುತ್ತ. ಮನುಷ್ಯನ ಕಿವಿ 20ಕ್ಕೇ ನಿಂತುಬಿಡುತ್ತದೆ. ಕಾಗದದ ಮೇಲೆ ನೋಡಿದರೆ ಇವುಗಳ ನಡುವೆ ಅಂತರ ಧಾರಾಳವಾಗಿದೆ, ಗುರುತಿಸುವುದು ಸುಲಭ ಅನಿಸುತ್ತದೆ. ಆದರೆ ಬಯಲಲ್ಲಿ ಕೆಲಸ ಕೆಡುವ ದಾರಿಗಳು ಹಲವು.

ಮೊದಲನೆಯದು ಯಂತ್ರದ್ದು. ಡಿಜಿಟಲ್ ರೆಕಾರ್ಡರ್ ಸೆಕೆಂಡಿಗೆ ಎಷ್ಟು ಸಲ ಶಬ್ದವನ್ನು ಅಳೆಯುತ್ತದೋ ಅದರ ಅರ್ಧದಷ್ಟು ಆವರ್ತನದವರೆಗೆ ಮಾತ್ರ ಸರಿಯಾಗಿ ದಾಖಲಿಸುತ್ತದೆ. 256 ಕಿಲೊಹರ್ಟ್ಸ್‌ಗೆ ಹೊಂದಿಸಿದ ರೆಕಾರ್ಡರಿನ ಮಿತಿ 128. ಅದರಲ್ಲಿ ಕೋಲಾರದ ಬಾವಲಿ ಸಿಗುತ್ತದೆ, ಉಳಿದ ಮೂರೂ ತಪ್ಪಿಹೋಗುತ್ತವೆ. ಯಂತ್ರದೊಳಗೆ ಸರಿಯಾದ ಫಿಲ್ಟರ್ ಇಲ್ಲದಿದ್ದರೆ ಇನ್ನೂ ಕೇಡು: 170ರ ಕೂಗು ಮಡಿಚಿಕೊಂಡು 256ರಿಂದ 170 ಕಳೆದ 86ರಲ್ಲಿ ಕಾಣಿಸಿಕೊಳ್ಳುತ್ತದೆ, ಗುಹೆಯಲ್ಲಿ ಇಲ್ಲದ ಬಾವಲಿಯೊಂದು ದಾಖಲೆಯಲ್ಲಿ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ 384ಕ್ಕಿಂತ ಕಡಿಮೆ ಇಡಕೂಡದು. ಬೆಲೆಯಲ್ಲಿ ಅಗ್ಗವಾದ ಆಡಿಯೊಮಾತ್ ರೆಕಾರ್ಡರ್ ಕೂಡ ಆ ವೇಗಕ್ಕೆ ಹೋಗುತ್ತದೆ. ಆದರೆ ಅದಕ್ಕೆ ತಕ್ಕ ಮೆಮೊರಿ ಕಾರ್ಡ್ ಬೇಕು. ಬಿಡದೆ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 2.8 ಜಿಬಿ, 11 ಗಂಟೆಯ ರಾತ್ರಿಗೆ 30 ಜಿಬಿ ತುಂಬುತ್ತದೆ. 16 ಜಿಬಿ ಕಾರ್ಡ್ ಹಾಕಿದವರಿಗೆ ನಡುರಾತ್ರಿಯ ನಂತರದ ಮಾಹಿತಿಯೇ ಇರುವುದಿಲ್ಲ.

ಎರಡನೆಯದು ಗಾಳಿಯದು. ಆವರ್ತನ ಹೆಚ್ಚಿದಷ್ಟೂ ಗಾಳಿ ಶಬ್ದವನ್ನು ನುಂಗುತ್ತದೆ. 40 ಕಿಲೊಹರ್ಟ್ಸ್ ಕೂಗು ಒಂದು ಮೀಟರಿಗೆ ಸುಮಾರು ಒಂದು ಡೆಸಿಬೆಲ್ ಕಳೆದುಕೊಂಡರೆ, 100ರ ಕೂಗು ಸುಮಾರು ಮೂರು ಕಳೆದುಕೊಳ್ಳುತ್ತದೆ, 170ರದ್ದು ಅದಕ್ಕಿಂತಲೂ ಬಹಳ. ಹೀಗಾಗಿ ಎಲೆಮೂಗಿನ ಬಾವಲಿಗಳು ಮೈಕಿಗೆ ಕೇಳುವುದು ಕೆಲವೇ ಮೀಟರ್ ಹತ್ತಿರ ಬಂದಾಗ. ಅದರಲ್ಲೂ ದುರ್ಗಾದಾಸನ ಬಾವಲಿ ಕೋಲಾರದ ಬಾವಲಿಗಿಂತ ಇನ್ನೂ ಹತ್ತಿರ ಬರಬೇಕು. ಗುಹೆಯ ಬಾಯಲ್ಲಿ ದಾಖಲಾದ ಕೂಗುಗಳ ಪ್ರಮಾಣವನ್ನೇ ಹಿಡಿದು ಕ್ಯಾಮೆರಾದ ಒಟ್ಟು ಸಂಖ್ಯೆಯನ್ನು ಹಂಚಿದರೆ ಕೆಳಸ್ವರದ ಕೋಲಾರದ ಬಾವಲಿಯ ಪಾಲು ಇರುವುದಕ್ಕಿಂತ ಹೆಚ್ಚಾಗಿ ಬರುತ್ತದೆ. ಅಳಿವಿನಂಚಿನ ಪ್ರಾಣಿಯ ವಿಷಯದಲ್ಲಿ ಇದಕ್ಕಿಂತ ಅಪಾಯದ ತಪ್ಪಿಲ್ಲ, ಏಕೆಂದರೆ ಅದು ಇಲ್ಲದ ನೆಮ್ಮದಿಯನ್ನು ಕೊಡುತ್ತದೆ. ಮೈಕನ್ನು ಬಾಯಿಯ ತೀರಾ ಹತ್ತಿರ, ಎಲ್ಲ ಬಾವಲಿಗಳೂ ಎರಡು ಮೀಟರಿನೊಳಗೆ ಹಾಯುವ ಕಡೆ ಇಟ್ಟರೆ ಈ ವಾಲು ಬಹಳಷ್ಟು ಕಡಿಮೆಯಾಗುತ್ತದೆ. ಬಂಡೆಗೆ ಅಂಟಿಸಿದಂತೆ ಇಡಬಾರದು. ಕಲ್ಲಿಗೆ ಬಡಿದು ಬಂದ ಪ್ರತಿಧ್ವನಿ ಮೂಲ ಕೂಗಿನ ಜೊತೆ ಬೆರೆತು ಚಿತ್ರ ಕಲಕಿಬಿಡುತ್ತದೆ.

ಮೂರನೆಯದು ಬಾವಲಿಯದೇ. ಅದು ಹಾರುವಾಗ ಡಾಪ್ಲರ್ ಪರಿಣಾಮದಿಂದ, ಅಂದರೆ ಹತ್ತಿರವಾಗುತ್ತಿರುವ ಶಬ್ದದ ಶ್ರುತಿ ಏರಿ ಕೇಳುವುದರಿಂದ, ಪ್ರತಿಧ್ವನಿಯ ಶ್ರುತಿ ಏರುತ್ತದೆ. ತನ್ನ ಕಿವಿ ಅತಿ ಚುರುಕಾಗಿರುವ ಶ್ರುತಿಗೇ ಪ್ರತಿಧ್ವನಿ ಮರಳಲೆಂದು ಬಾವಲಿ ಕೂಗುವಾಗಲೇ ತಗ್ಗಿಸಿ ಕೂಗುತ್ತದೆ. ಇವುಗಳ ಹತ್ತಿರದ ಬಂಧುಗಳಾದ ಕುದುರೆಲಾಳದ ಬಾವಲಿಗಳಲ್ಲಿ ಈ ಜಾಣ್ಮೆಯನ್ನು ಜರ್ಮನಿಯ ಹಾನ್ಸ್ ಉಲ್ರಿಕ್ ಷ್ನಿಟ್ಸ್‌ಲರ್ 1968ರಲ್ಲಿ ತೋರಿಸಿದರು. ಎಲೆಮೂಗಿನ ಬಾವಲಿಗಳೂ ಭಾಗಶಃ ಹೀಗೆ ಮಾಡುತ್ತವೆಂದು 1980ರ ದಶಕದಲ್ಲಿ ಮದುರೆಯ ಬಾವಲಿಗಳ ಮೇಲೆ ಗೆರ್ಹಾರ್ಡ್ ನಾಯ್‌ವೈಲರ್ ತಂಡ ನಡೆಸಿದ ಅಧ್ಯಯನದಿಂದ ತಿಳಿಯಿತು. ಲೆಕ್ಕ ಹಾಕಿ ನೋಡಿ. ಸುಮ್ಮನೆ ಕೂತಾಗ 105ರಲ್ಲಿ ಕೂಗುವ ಬಾವಲಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಾರುತ್ತಾ ಪೂರ್ತಿ ಸರಿದೂಗಿಸಿದರೆ ಸುಮಾರು 102ರಲ್ಲಿ ಕೂಗುತ್ತದೆ. ಎದುರಿಗಿರುವ ಮೈಕಿಗೆ ಅದು 103.5 ಎಂದು ಕೇಳುತ್ತದೆ. ದಾಟಿ ಹೋದ ಮೇಲೆ ಹಿಂದಿನಿಂದ 100.5 ಎಂದು. ಒಂದೇ ಬಾವಲಿ, ಮೂರು ಅಂಕಿ. ಕೈಯಲ್ಲಿ ಹಿಡಿದು ದಾಖಲಿಸಿದ ಮಾದರಿ ಕೂಗನ್ನು ಹಾರುವ ಬಾವಲಿಯ ಕೂಗಿನೊಂದಿಗೆ ಕಣ್ಣುಮುಚ್ಚಿ ಹೋಲಿಸುವವರು ಇಲ್ಲಿ ಎಡವುತ್ತಾರೆ. ಸಾಫ್ಟ್‌ವೇರಿನ ಸ್ವಯಂಚಾಲಿತ ಗುರುತಿಸುವಿಕೆಯನ್ನು ನಾನು ಇದೇ ಕಾರಣಕ್ಕೆ ಪೂರ್ತಿ ನಂಬುವುದಿಲ್ಲ, ಪ್ರತಿ ಪ್ರಭೇದದ ಒಂದಷ್ಟು ಕೂಗುಗಳನ್ನಾದರೂ ಆವರ್ತನವನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮಿನಲ್ಲಿ ಕಣ್ಣಾರೆ ನೋಡಬೇಕು.

ನೋಡುವಾಗ ಇನ್ನೊಂದು ಎಚ್ಚರ: ಈ ಬಾವಲಿಗಳ ಕೂಗಿನ ಶಕ್ತಿಯೆಲ್ಲ ಇರುವುದು ಮೂಲ ಸ್ವರದ ಎರಡರಷ್ಟು ಆವರ್ತನದಲ್ಲಿ. ಕೋಲಾರದ ಬಾವಲಿ ಮೈಕಿಗೆ ತೀರಾ ಹತ್ತಿರ ಬಂದರೆ 52ರ ಸುತ್ತ ಮಸುಕಾದ ಗೆರೆಯೊಂದು ಮೂಡುತ್ತದೆ. ಅದು ಬೇರೆ ಬಾವಲಿಯಲ್ಲ, ಇದರದೇ ಮೂಲ ಸ್ವರ.

ಕೂಗು ಇದರದೇ ಎಂದು ಹೇಳಬೇಕಾದರೆ ಒಮ್ಮೆಯಾದರೂ ಹಿಡಿದು ನೋಡಿದ ದಾಖಲೆ ಬೇಕೇ ಬೇಕು. ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಮೊದಲು. ಹಿಡಿಯುವವರು ರೇಬಿಸ್ ಲಸಿಕೆ ಮುಂಚಿತವಾಗಿ ಹಾಕಿಸಿಕೊಂಡಿರಬೇಕು, ಮಾಸ್ಕ್ ಮತ್ತು ಕೈಗವಸು ಹಾಕಿರಬೇಕು. ಮಾಸ್ಕ್ ನಮ್ಮ ರೋಗ ಬಾವಲಿಗೆ ದಾಟದಿರಲೂ ಹೌದು. ತೆಳು ನೈಲಾನ್ ಬಲೆಯನ್ನು ಎಲೆಮೂಗಿನ ಬಾವಲಿಗಳು ಪ್ರತಿಧ್ವನಿಯಿಂದಲೇ ಗುರುತಿಸಿ ತಪ್ಪಿಸಿಕೊಳ್ಳುವುದೇ ಹೆಚ್ಚು, ಸಿಕ್ಕಿಕೊಂಡರೆ ರೆಕ್ಕೆ ಹರಿಯುವ ಭಯ. ಗುಹೆಯ ಮುಂದೆ ಹಾರ್ಪ್ ಟ್ರ್ಯಾಪ್ ಮೇಲು. ಎರಡು ಚೌಕಟ್ಟುಗಳಲ್ಲಿ ಮೀನು ಹಿಡಿಯುವ ದಾರವನ್ನು ಸುಮಾರು 2.5 ಸೆಂಟಿಮೀಟರಿಗೊಂದರಂತೆ ಲಂಬವಾಗಿ ಬಿಗಿದಿರುತ್ತಾರೆ. ಮೊದಲ ಸಾಲನ್ನು ಓರೆಯಾಗಿ ನುಸುಳಿದ ಬಾವಲಿ ಎರಡನೆಯದಕ್ಕೆ ತಾಗಿ, ಜಾರಿ ಕೆಳಗಿನ ಚೀಲಕ್ಕೆ ಇಳಿಯುತ್ತದೆ. ದಾರ ಸಡಿಲಾದರೆ ಎರಡನ್ನೂ ದಾಟಿ ಹೋಗುತ್ತದೆ. ಅತಿ ಬಿಗಿಯಾದರೆ ಪುಟಿದು ಗಾಯವಾಗುತ್ತದೆ. ಟ್ರ್ಯಾಪನ್ನು ಹಾಗೇ ಬಿಟ್ಟು ಹೋಗುವಂತಿಲ್ಲ, ಚೀಲದೊಳಗೆ ಇರುವೆಯೋ ಹಾವೋ ಇಳಿದರೆ ಆ ರಾತ್ರಿ ಮುಗಿಯಿತು. ಗರ್ಭಿಣಿಯರೂ ಹಾಲೂಡುವ ತಾಯಂದಿರೂ ಇರುವ ತಿಂಗಳುಗಳಲ್ಲಿ ಟ್ರ್ಯಾಪ್ ಹೂಡುವ ಮಾತೇ ಇಲ್ಲ.

ಸಿಕ್ಕ ಬಾವಲಿಯನ್ನು ಬಟ್ಟೆಯ ಚೀಲದಲ್ಲಿ ಒಂದೊಂದಾಗಿ ಇಟ್ಟು ತೂಗಿ, ವರ್ನಿಯರ್‌ನಿಂದ ಮುಂದೋಳು ಅಳೆಯುತ್ತಾರೆ. ಕೋಲಾರದ ಬಾವಲಿಯದು ಸುಮಾರು 4 ಸೆಂಟಿಮೀಟರ್. ವಯಸ್ಸು ತಿಳಿಯಲು ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ, ಹಿಂದಿನಿಂದ ಸಣ್ಣ ಬೆಳಕು ಹಿಡಿದು ಬೆರಳಿನ ಗೆಣ್ಣು ನೋಡಬೇಕು. ಎಳೆಯದಾದರೆ ಗೆಣ್ಣಿನ ಎರಡು ಬದಿಗೂ ಮೃದ್ವಸ್ಥಿಯ ತಿಳಿ ಪಟ್ಟೆ ಬೆಳಗುತ್ತದೆ, ಗೆಣ್ಣು ಉದ್ದಕ್ಕೆ ಸಪಾಟಾಗಿ ಕಾಣುತ್ತದೆ. ಬೆಳೆದದ್ದಾದರೆ ಬೆಳಕು ಹಾಯುವುದಿಲ್ಲ, ಗೆಣ್ಣು ಗುಂಡಗೆ ಉಬ್ಬಿರುತ್ತದೆ. ಎಳೆಯವು ಎಷ್ಟು ಸಿಕ್ಕವೆಂಬುದು ಸಂಖ್ಯೆಗಿಂತ ಹೆಚ್ಚು ಹೇಳುತ್ತದೆ. 150 ಬಾವಲಿಗಳಿದ್ದು ಎಳೆಯವೇ ಇಲ್ಲದಿದ್ದರೆ ಆ ಗುಹೆ ಕಷ್ಟದಲ್ಲಿದೆ. ರೇಡಿಯೊ ಟ್ಯಾಗ್ ಹಾಕುವುದಾದರೆ ಅದು ಮೈತೂಕದ ನೂರಕ್ಕೆ 5 ಮೀರಬಾರದೆಂಬುದು ರೂಢಿ. 8 ಗ್ರಾಂ ತೂಗುವ ಬಾವಲಿಗೆ ಅಂಟೂ ಸೇರಿ 0.4 ಗ್ರಾಂ. ಅಷ್ಟು ಹಗುರದ ಟ್ಯಾಗಿನ ಬ್ಯಾಟರಿ ಬಹಳ ದಿನ ಬಾಳುವುದಿಲ್ಲ.

ಆಹಾರ ತಿಳಿಯಲು ಹಿಡಿಯುವ ಅಗತ್ಯವೇ ಇಲ್ಲ. ರಾತ್ರಿ ಗುಹೆಯ ಬಾಯಿಯ ಬಳಿ ಸ್ವಚ್ಛ ಪ್ಲಾಸ್ಟಿಕ್ ಹಾಸಿ, ಬೆಳಿಗ್ಗೆ ಬಿದ್ದ ಹಿಕ್ಕೆಯನ್ನು ಆಯ್ದು ತಕ್ಷಣ ಸಿಲಿಕಾ ಜೆಲ್‌ನಲ್ಲಿ ಒಣಗಿಸಿದರೆ ತಿಂದ ಕೀಟಗಳ ಡಿಎನ್‌ಎ ಉಳಿಯುತ್ತದೆ. ಮಧ್ಯಾಹ್ನದವರೆಗೆ ಬಿಟ್ಟರೆ ಸೆಕೆಗೆ ಹಾಳಾಗುತ್ತದೆ. ಹಳೆಯ ಹಿಕ್ಕೆಯ ರಾಶಿಯನ್ನು ಕೆದಕಬಾರದು. ಅದರ ದೂಳಿನಲ್ಲಿ ಶ್ವಾಸಕೋಶಕ್ಕೆ ತೊಂದರೆ ಕೊಡುವ ಹಿಸ್ಟೊಪ್ಲಾಸ್ಮಾ ಶಿಲೀಂಧ್ರ ಇರಬಹುದು.

ಬೆಂಗಳೂರಿನ ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟ್ ಅರಣ್ಯ ಇಲಾಖೆಯ ಜೊತೆ ಸೇರಿ ಈ ಬಾವಲಿಯ ಉಳಿವಿಗಾಗಿ ಕೆಲಸ ಮಾಡುತ್ತಿದೆ. ಕೋಲಾರದ ಬೇರೆ ಗುಡ್ಡಗಳಲ್ಲೂ ಇದು ಅಡಗಿರಬಹುದೇ ಎಂಬುದು ಅತಿ ಮುಖ್ಯವಾದ ಪ್ರಶ್ನೆ. ಇಲ್ಲಿ ಬಹಳ ಜನ ಅವಸರಪಡುತ್ತಾರೆ. ಒಂದು ಗುಡ್ಡದಲ್ಲಿ ಬಾವಲಿ ಇದ್ದೂ ಒಂದು ರಾತ್ರಿಯಲ್ಲಿ ಅದರ ಕೂಗು ದಾಖಲಾಗುವ ಸಂಭವ ನೂರಕ್ಕೆ 30 ಎಂದಿಟ್ಟುಕೊಳ್ಳಿ. ಎರಡು ರಾತ್ರಿ ರೆಕಾರ್ಡರ್ ಇಟ್ಟು ಏನೂ ಸಿಗದೆ ಹೋಗುವ ಸಂಭವ ನೂರಕ್ಕೆ 49. ಅಂದರೆ ಸುಮಾರು ಅರ್ಧದಷ್ಟು ಸಲ, ಇದ್ದ ಬಾವಲಿಯನ್ನು ಇಲ್ಲವೆಂದು ಬರೆದು ಬರುತ್ತೇವೆ. ಐದು ರಾತ್ರಿಗೆ ಅದು ನೂರಕ್ಕೆ 17ಕ್ಕೆ, ಹತ್ತು ರಾತ್ರಿಗೆ 3ಕ್ಕೆ ಇಳಿಯುತ್ತದೆ. ಕೆಲವೇ ಮೀಟರ್ ದೂರ ಕೇಳುವ ಕೂಗಾದ್ದರಿಂದ ಗುಡ್ಡದ ಒಂದೇ ಮೂಲೆಯಲ್ಲಿ ಹತ್ತು ರಾತ್ರಿ ಇಟ್ಟರೂ ಪ್ರಯೋಜನವಿಲ್ಲ. ಬಂಡೆಯ ಒಂದೊಂದು ಸಂದಿಗೂ, ಹತ್ತಿರದ ನೀರಿನ ದಡಕ್ಕೂ, ಮರಗಳ ಸಾಲಿಗೂ ರೆಕಾರ್ಡರನ್ನು ಸರಿಸುತ್ತಾ ಹೋಗಬೇಕು. ಮಳೆಗಾಲದಲ್ಲೂ ಬೇಸಿಗೆಯಲ್ಲೂ ಬೇರೆಬೇರೆಯಾಗಿ ಇಡಬೇಕು, ಬಾವಲಿಗಳು ಋತುವಿಗೆ ತಕ್ಕಂತೆ ತಂಗುವ ಜಾಗ ಬದಲಿಸುವುದುಂಟು. ಯಾವುದಾದರೂ ಗುಡ್ಡಕ್ಕೆ ಗಣಿ ಪರವಾನಗಿ ಕೊಡುವ ಮುನ್ನ ಸಲ್ಲಿಸುವ ಸಮೀಕ್ಷೆಯಲ್ಲಿ ಇಲ್ಲಿ ಬಾವಲಿ ಇಲ್ಲ ಎಂದು ಬರೆದಿದ್ದರೆ ಕೇಳಬೇಕಾದ ಪ್ರಶ್ನೆಗಳು ಇವು: ಎಷ್ಟು ರಾತ್ರಿ, ಎಷ್ಟು ಕಡೆ, ಯಾವ ತಿಂಗಳು, ಎಷ್ಟು ಕಿಲೊಹರ್ಟ್ಸ್‌ನಲ್ಲಿ?