ಪದ ಪರಿಚಯ: ಮಾಯ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಯಾವುದಾದರೂ ದೈವದ ಹುಟ್ಟು ಕೇಳಿದರೆ ಕತೆ ಹೆಚ್ಚಾಗಿ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ‘ಅಲ್ಲಿ ಮಾಯ ಆದದ್ದು.’ ತುಳುವಿನಲ್ಲಿ ‘ಮಾಯ ಆಯೆ’; ಇಬ್ಬರಾದರೆ ‘ಮಾಯ ಆಯೆರ್’. ಹೇಗೆ ಸತ್ತ, ಯಾರು ಕೊಂದರು ಎಂದು ಅಲ್ಲಿಂದ ಮುಂದೆ ಯಾರೂ ಕೇಳುವುದಿಲ್ಲ. ಗಡಿನಾಡಿನ ಹಳೆಯ ಸಾವುಗಳ ಬಗ್ಗೆ ತಿಳಿಯಬೇಕೆನ್ನುವವರು ಮೊದಲು ಅರ್ಥಮಾಡಿಕೊಳ್ಳಬೇಕಾದ ಪದ ಇದು.

ಕನ್ನಡದಲ್ಲಿ ‘ಕಿಸೆಯಲ್ಲಿದ್ದ ದುಡ್ಡು ಮಾಯ’ ಎಂದರೆ ಕಾಣೆಯಾಯಿತು ಎಂದಷ್ಟೇ ಅರ್ಥ. ವೇದಾಂತದ ಮಾಯೆ ಎಂದರೆ ಇಲ್ಲದ್ದು ಇದೆಯೆಂದು ಕಾಣುವುದು. ತುಳುವಿನ ಮಾಯ ಹೆಚ್ಚುಕಡಿಮೆ ಅದರ ತಿರುವುಮುರುವು: ಇದೆ, ಆದರೆ ಕಾಣುವುದಿಲ್ಲ. ಅದರ ಜೊತೆಪದ ‘ಜೋಗ’, ಅಂದರೆ ಮೈ ತಳೆದು ಕಣ್ಣಿಗೆ ಬೀಳುವ ಇರವು. ದೈವ ಕುಣಿಯುವ ಕೋಲದ ರಾತ್ರಿ ಕಾಲಿಗೆ ಗಗ್ಗರ ಕಟ್ಟಿದವನ ಮೈಯಲ್ಲಿ ದೈವ ಮಾಯದಿಂದ ಜೋಗಕ್ಕೆ ಬರುತ್ತದೆ, ಬೆನ್ನಿಗೆ ಕಟ್ಟಿದ ಅಣಿ ಬಿಚ್ಚುವ ಹೊತ್ತಿಗೆ ಮಾಯಕ್ಕೆ ಮರಳುತ್ತದೆ. ಹಾಗಾಗಿ ‘ಮಾಯ ಆದ’ ಎಂದರೆ ಇಲ್ಲವಾದ ಎಂದಲ್ಲ. ಇನ್ನೂ ಇದ್ದಾನೆ, ಅವನ ಲೆಕ್ಕ ಚುಕ್ತಾ ಆಗಿಲ್ಲ ಎಂದು.

ಗಾಯ ‘ಮಾಯುವುದು’ ಕನ್ನಡದವರಿಗೆಲ್ಲ ಗೊತ್ತು. ಮಲಯಾಳದಲ್ಲಿ ‘ಮಾಯುಕ’ ಎಂದರೆ ಅಳಿಸಿಹೋಗುವುದು. ತಮಿಳಿನಲ್ಲಿ ‘ಮಾಯ್’ ಎಂದರೆ ಸಾಯುವುದು. ಸಂಸ್ಕೃತದ ಮಾಯೆಯ ನೆರಳು ಇದರ ಮೇಲೆ ಬಿದ್ದಿರಬಹುದು. ದೈವದ ಕತೆ ಹೇಳುವ ತುಳು ಹಾಡಾದ ಪಾಡ್ದನದ ಬಳಕೆ ಮಾತ್ರ ಈ ನೆಂಟರಿಗೇ ಹತ್ತಿರ. ಸಾವು, ಅಳಿಸಿದ ಗುರುತು, ಮೇಲೆ ಕೂಡಿಕೊಂಡ ಗಾಯ ಮೂರೂ ಇದರೊಳಗಿವೆ.

ಕೊರಗ ತನಿಯನ ಪಾಡ್ದನ ನೋಡಿ. ಸಾಕುತಾಯಿ ಮೈರಕ್ಕೆ ಬೈದೆದಿಯ ಮನೆಯಿಂದ ದೇವಸ್ಥಾನಕ್ಕೆ ಹೊರೆ ಹೊತ್ತು ಹೋದವನು ಅವನು. ಒಳಗೆ ಕಾಲಿಡಲು ಅವನ ಜಾತಿಗೆ ಅವಕಾಶವಿಲ್ಲ. ಮಾಪಳದ (ಮಾದಲದ) ಹಣ್ಣು ಕೀಳಲು ಮೇಲೇರುತ್ತಾನೆ, ಕೈ ಚಾಚುತ್ತಾನೆ, ಮಾಯ ಆಗುತ್ತಾನೆ. ರಕ್ತವಿಲ್ಲ, ಹೊಡೆದವರಿಲ್ಲ, ಹೆಣವಿಲ್ಲ. ಅಸ್ಪೃಶ್ಯನೊಬ್ಬ ದೇವಸ್ಥಾನ ಮುಟ್ಟಿದ ಕ್ಷಣದಲ್ಲೇ ಕತೆ ಕಣ್ಣು ಮುಚ್ಚಿಕೊಂಡದ್ದು ಆಕಸ್ಮಿಕವಲ್ಲ ಎಂದು ಹಲವರು ಓದಿದ್ದಾರೆ. ಆ ಓದು ಸರಿ ಎಂದೇ ನಮ್ಮ ಅಭಿಪ್ರಾಯ. ಆದರೆ ಅದು ಓದು, ಸಾಕ್ಷಿಯಲ್ಲ. ‘ತನಿಯನನ್ನು ಕೊಂದರು’ ಎಂದು ಬರೆಯುವವರು ಪಾಡ್ದನದಲ್ಲಿಲ್ಲದ ಸಾಲನ್ನು ತಾವೇ ಸೇರಿಸಿದಂತೆ.

ಹಾಗೆಂದು ಎಲ್ಲ ಮಾಯದ ಹಿಂದೆಯೂ ಮುಚ್ಚಿಟ್ಟ ಕೊಲೆ ಇರುವುದಿಲ್ಲ. ಅವಳಿ ವೀರರಾದ ಕೋಟಿ ಚೆನ್ನಯರ ಸಾವು ತೆರೆದೇ ಇದೆ: ಎಣ್ಮೂರಿನ ಕಾಳಗದಲ್ಲಿ ಕೋಟಿಗೆ ಬಾಣ ತಾಗುತ್ತದೆ, ಅಣ್ಣ ಹೋದ ಮೇಲೆ ಚೆನ್ನಯ ಕಲ್ಲಿಗೆ ತಲೆ ಚಚ್ಚಿಕೊಳ್ಳುತ್ತಾನೆ. ಅದೆಲ್ಲ ಹೇಳಿ ಮುಗಿದ ಮೇಲೆಯೇ ‘ಕಾಯ ಬಿಟ್ಟು ಮಾಯ ಸೇರಿದರು’ ಎಂಬ ಮಾತು ಬರುವುದು. ಇಲ್ಲಿ ಮಾಯ ಎಂದರೆ ಗೌರವದ ಪದವಿ. ಎರಡನ್ನೂ ಬೇರೆ ಮಾಡುವುದು ಹೇಗೆ? ‘ಮಾಯ’ದ ಹಿಂದಿನ ಹತ್ತು ಸಾಲು ನೋಡಬೇಕು. ಗಾಯ, ಆಯುಧ, ಹೊಡೆದವನ ಹೆಸರು ಬಂದಿದ್ದರೆ ಅದು ಪದವಿ. ಅಪ್ಪಣೆ, ನಿಷೇಧ, ಒಬ್ಬಂಟಿ ದಾರಿ ಇವಿಷ್ಟೇ ಇದ್ದು ನೇರ ಮಾಯಕ್ಕೆ ಹಾರಿದರೆ ಅಲ್ಲೊಂದು ಸಾಲು ಬಿಟ್ಟುಹೋಗಿದೆ ಎಂದು ಅನುಮಾನಿಸಬಹುದು. ಆಮೇಲೆ ದೈವದ ಉಪದ್ರ ಮೊದಲು ಯಾವ ಮನೆಗೆ ತಾಗಿತು, ಸ್ಥಾನ ಕಟ್ಟಿಸಿ ನೇಮೋತ್ಸವ ಒಪ್ಪಿಕೊಂಡವರು ಯಾರು ಎಂದು ನೋಡಬೇಕು. ಪಾಡ್ದನ ಹೆಸರು ಹೇಳದಿದ್ದರೂ ತಪ್ಪುಕಾಣಿಕೆ ಕಟ್ಟಿದ ಮನೆಯನ್ನು ಹೇಳಿಯೇ ಹೇಳುತ್ತದೆ.

ಹೆಚ್ಚಿನವರು ಎಡವುವುದು ಇಸವಿ ಹಾಕುವಾಗ. ಕಲ್ಕುಡನ ಪಾಡ್ದನದಲ್ಲಿ ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಬೀರ ಕಲ್ಕುಡನ ಎಡಗೈ, ಬಲಗಾಲನ್ನು ಅರಸ ಕಡಿಸುತ್ತಾನೆ, ಇಂಥ ಮೂರ್ತಿ ಇನ್ನೆಲ್ಲೂ ಆಗಬಾರದೆಂದು. ಉಳಿದ ಒಂದು ಕೈ, ಒಂದು ಕಾಲಲ್ಲೇ ಅವನು ವೇಣೂರಿನ ಗೊಮ್ಮಟನನ್ನು ಕೆತ್ತುತ್ತಾನೆ. ಕೊನೆಗೆ ತಂಗಿ ಕಲ್ಲುರ್ಟಿಯೊಂದಿಗೆ ಮಾಯ. ಶಾಸನಗಳ ಪ್ರಕಾರ ಕಾರ್ಕಳದ್ದು ನಿಂತದ್ದು 1432ರಲ್ಲಿ, ವೇಣೂರಿನದ್ದು 1604ರಲ್ಲಿ. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕೆತ್ತಿರಲು ಸಾಧ್ಯವಿಲ್ಲ. ಹಾಗೆಂದು ಕತೆ ಸುಳ್ಳು ಎಂದು ಎತ್ತಿಡುವುದೂ ಅವಸರವೇ. ಕೆಲಸದವನ ಕೈ ಕಡಿದ ಅರಸನ ಮೇಲಿನ ದೂರು ಇದು. ಆ ದೂರಿಗೆ ಸಾಕ್ಷಿಯಾಗಿ ಜನ ಕಣ್ಣೆದುರಿನ ಎರಡು ಕಲ್ಲನ್ನು ಬಳಸಿಕೊಂಡಿದ್ದಾರೆ.

ಚಂದ್ರಗಿರಿ ಹೊಳೆ ದಾಟಿ ನೀಲೇಶ್ವರಕ್ಕೆ ಹೋದರೆ ಇದೇ ಜಿಲ್ಲೆಯಲ್ಲಿ ಬೇರೆ ರೀತಿ ಕೇಳುತ್ತದೆ. ಅಲ್ಲಿ ಪಾಡ್ದನದ ಜಾಗದಲ್ಲಿ ತೋಟ್ಟಂ. ಕುರುಪ್ಪನ ಮನೆಯಲ್ಲಿ ದನ ಕಾಯುತ್ತಿದ್ದ ಪಾಲಂತಾಯಿ ಕಣ್ಣನ್ ಮಾವಿನ ಮರ ಹತ್ತಿದ್ದೇ ಜಗಳಕ್ಕೆ ಮೂಲ. ಹೆದರಿ ಮಂಗಳೂರಿಗೆ ಓಡಿದವನು ವರ್ಷಗಳ ಮೇಲೆ ಮರಳುತ್ತಾನೆ. ಚುರಿಕೆ, ಓಲೆಕೊಡೆ ದಂಡೆಯಲ್ಲಿಟ್ಟು ಕೊಳಕ್ಕೆ ಇಳಿದಿರುವಾಗ ಕುರುಪ್ಪ ಅವನನ್ನು ಕಡಿದು ಕೊಲ್ಲುತ್ತಾನೆ. ಕೊಂದವನು, ಜಾಗ, ಕಾರಣ ಎಲ್ಲವೂ ತೋಟ್ಟಂನಲ್ಲಿದೆ, ಮಾಯದ ಪರದೆಯಿಲ್ಲ. ಇನ್ನೊಂದು ವ್ಯತ್ಯಾಸ: ಇಲ್ಲಿ ದೈವವಾದದ್ದು ಸತ್ತ ಕಣ್ಣನ್ ಅಲ್ಲ, ಅವನು ಮಂಗಳೂರಿನಿಂದ ಕರೆತಂದ ವಿಷ್ಣುಮೂರ್ತಿ. ಸುಳ್ಯ, ಪುತ್ತೂರಿನವರೆಗೂ ನಡೆಯುವ ಒತ್ತೆಕೋಲದಲ್ಲಿ ಬೆಳಗಿನ ಜಾವ ‘ಮೇಲೇರಿ’ ಎಂಬ ಕೆಂಡದ ರಾಶಿಗೆ ಬೀಳುವುದು ಇದೇ ದೈವ. ಒತ್ತೆಕೋಲ ನೋಡಿ ಬಂದವರಲ್ಲಿ ಆ ಕೊಳದ ಕೊಲೆ ತಿಳಿದವರು ಕಡಿಮೆ, ಅದು ನಿಜಕ್ಕೂ ಬೇಸರದ ವಿಷಯ.

ಪಾಡ್ದನ ದಾಖಲಿಸುವವರು ಒಬ್ಬರಿಂದ ಕೇಳಿ ನಿಲ್ಲಿಸಬಾರದು. ಕೋಲದಲ್ಲಿ ದೈವ ಕಟ್ಟುವ ಸಮುದಾಯದವರು, ಪರವರೋ ಪಂಬದರೋ ನಲಿಕೆಯವರೋ, ಹೇಳುವುದು ಕಟ್ಟಳೆಗೆ ಒಳಪಟ್ಟದ್ದು, ಗುತ್ತಿನ (ಊರಿನ ದೊಡ್ಡ ಮನೆತನದ) ಯಜಮಾನ ಎದುರಿಗೇ ನಿಂತಿರುತ್ತಾರೆ. ನೇಜಿ ನೆಡುವಾಗ ಹೆಂಗಸರು ಹಾಡುವುದಕ್ಕೆ ಆ ಕಾವಲಿಲ್ಲ. ಕೋಲದಲ್ಲಿ ನುಂಗಿದ ವಿವರ ಗದ್ದೆಯಲ್ಲಿ ಸಿಗುವ ಸಾಧ್ಯತೆ ಇದೆ. ಕೇಳುವಾಗ ‘ಯಾರು ಕೊಂದದ್ದು?’ ಎಂದು ನೇರ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆ ಮನೆತನದವರು ಈಗಲೂ ಊರಿನಲ್ಲೇ ಇರುತ್ತಾರೆ, ದೈವದ ಮೇಲೆ ಭಯಭಕ್ತಿಯೂ ಇರುತ್ತದೆ. ‘ಮಾಯ ಆಗುವ ಮೊದಲು ಎಲ್ಲಿಗೆ ಹೊರಟಿದ್ದ? ಯಾರು ಕಳಿಸಿದ್ದು?’ ಎಂದು ಕೇಳಿದರೆ ಹಾಡಿನ ಸಾಲೇ ಉತ್ತರವಾಗಿ ಬರುತ್ತದೆ.

ಕನ್ನಡಕ್ಕೆ ತರುವಾಗ ‘ಮಾಯವಾದ’ ಎಂದು ಬರೆದರೆ ಜಾದೂ ಆಗುತ್ತದೆ, ‘ತೀರಿಕೊಂಡ’ ಎಂದರೆ ಸುಳ್ಳಾಗುತ್ತದೆ, ‘ಕೊಲೆಯಾದ’ ಎಂದರೆ ನಮ್ಮ ತೀರ್ಪಾಗುತ್ತದೆ. ಗಡಿನಾಡಿನ ಕನ್ನಡದಲ್ಲಿ ಜನ ಹೇಳುವಂತೆ ‘ಮಾಯ ಆದ’ ಎಂದೇ ಎರಡು ಪದವಾಗಿ ಬಿಡಿಸಿ ಬರೆಯಿರಿ.