ಕಿತ್ತಳೆ ಹಣ್ಣು ತೇಲಿಬಿಟ್ಟು ಹೊಳೆ ಅಳೆಯುವವರು

ಬೆಟ್ಟದ ತೊರೆ ಜೋರಾಗಿ ಹರಿಯುತ್ತದೋ, ಬಯಲಿನ ಹೊಳೆಯೋ? ಯಾರನ್ನು ಕೇಳಿದರೂ ತೊರೆ ಅಂತಲೇ ಹೇಳುತ್ತಾರೆ. ಆ ಸದ್ದು, ಆ ನೊರೆ ನೋಡಿದರೆ ಹಾಗೆ ಅನಿಸದೆ ಇನ್ನೇನು? ಇಂಗ್ಲೆಂಡಿನ ಹೈಸ್ಕೂಲು ಮಕ್ಕಳು ಮಾತ್ರ ಟೇಪು ಹಿಡಿದು ನೀರಿಗಿಳಿದು ಅಳೆದೇ ಬಿಡುತ್ತಾರೆ. ಸಾಮಾನ್ಯವಾಗಿ ಉತ್ತರ ಉಲ್ಟಾ ಬರುತ್ತದೆ.

ಅಲ್ಲಿ 16ನೇ ವಯಸ್ಸಿನ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಗೆ ಭೂಗೋಳ ತೆಗೆದುಕೊಂಡವರು ಕನಿಷ್ಠ ಎರಡು ಸಲ ಶಾಲೆಯ ಆವರಣದಾಚೆ ಹೋಗಿ ಕೆಲಸ ಮಾಡಲೇಬೇಕು. ಬಹಳಷ್ಟು ಶಾಲೆಗಳು ಹೊಳೆಯನ್ನೇ ಆರಿಸಿಕೊಳ್ಳುತ್ತವೆ. ಶ್ರಾಪ್‌ಶೈರ್‌ನ ಲಾಂಗ್ ಮಿಂಡ್ ಗುಡ್ಡಗಳ ಕಾರ್ಡಿಂಗ್ ಮಿಲ್ ಕಣಿವೆ ಇದಕ್ಕೆ ಹೆಸರಾದ ಜಾಗ. ತೊರೆ ಹುಟ್ಟುವ ಕಡೆಯಿಂದ ಶುರು ಮಾಡಿ, ಕೆಳಗಿಳಿಯುತ್ತಾ ಹಲವು ಕಡೆ ಅಳೆಯುತ್ತಾರೆ.

ಸಾಮಾನು ಜಾಸ್ತಿ ಏನಿಲ್ಲ. ಈ ದಡದಿಂದ ಆ ದಡಕ್ಕೆ ಟೇಪು ಎಳೆದು ಅಗಲ ಅಳೆಯುವುದು, ಅದರುದ್ದಕ್ಕೂ ಅಲ್ಲಲ್ಲಿ ಸ್ಕೇಲು ಇಳಿಸಿ ಆಳ ನೋಡುವುದು. ವೇಗಕ್ಕೆ ಒಂದು ಕಿತ್ತಳೆ ಹಣ್ಣು. ಅದು ಮುಕ್ಕಾಲುಪಾಲು ಮುಳುಗಿಯೇ ತೇಲುವುದರಿಂದ ಗಾಳಿಯ ಕಾಟ ಕಡಿಮೆ, ಬಣ್ಣ ದೂರಕ್ಕೂ ಕಾಣುತ್ತದೆ. ತೊರೆ 2 ಮೀಟರ್ ಅಗಲ, ಸರಾಸರಿ 15 ಸೆಂಟಿಮೀಟರ್ ಆಳ ಇದೆ, ಕಿತ್ತಳೆ 10 ಮೀಟರ್ ಸಾಗಲು 25 ಸೆಕೆಂಡು ತೆಗೆದುಕೊಂಡಿತು ಅಂದುಕೊಳ್ಳಿ. ತಳದ ನೀರು ಮೇಲಿನದಕ್ಕಿಂತ ನಿಧಾನ, ಹಾಗಾಗಿ ಬಂದ ವೇಗವನ್ನು 0.85ರಿಂದ ಗುಣಿಸುತ್ತಾರೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 100 ಲೀಟರ್, ಅಂದರೆ ಮೂರೂವರೆ ಕ್ಯೂಸೆಕ್. ಕೆಆರ್‌ಎಸ್ ಒಳಹರಿವು ಇಷ್ಟು ಸಾವಿರ ಕ್ಯೂಸೆಕ್ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದೇ ಕ್ಯೂಸೆಕ್.

ತಮಾಷೆ ಇರುವುದು ಮೇಲಿನ ತೊರೆಯಲ್ಲಿ. ಕಿತ್ತಳೆ ಬಿಟ್ಟ ಕೂಡಲೇ ಹಾರಿಕೊಂಡು ಹೋಗುತ್ತದೆ, ಇನ್ನೇನು ಗೆದ್ದಿತು ಅನ್ನುವಾಗ ಒಂದು ಗುಂಡುಕಲ್ಲಿನ ಹಿಂದೆ ಸುಳಿಗೆ ಸಿಕ್ಕಿ ಗಿರಗಿರ ಸುತ್ತುತ್ತಾ ನಿಂತುಬಿಡುತ್ತದೆ. ಸ್ಟಾಪ್‌ವಾಚ್ ಹಿಡಿದ ಹುಡುಗಿಗೆ ಪೇಚಾಟ. ಇದನ್ನು ಬರೆದುಕೊಳ್ಳಬೇಕೋ, ಬಿಟ್ಟು ಇನ್ನೊಂದು ಸಲ ಮಾಡಬೇಕೋ? ನನ್ನ ಪ್ರಕಾರ ಬರೆದುಕೊಳ್ಳಲೇಬೇಕು. ಇಡೀ ಪಾಠ ಇರುವುದೇ ಅದರಲ್ಲಿ. ಇಳಿಜಾರು ಕೊಟ್ಟ ಶಕ್ತಿಯೆಲ್ಲ ಕಲ್ಲಿಗೆ ಬಡಿದು, ಸುತ್ತಿ, ನೊರೆಯಾಗಿ ಖರ್ಚಾಗುತ್ತದೆ. ನಮಗೆ ಕೇಳಿಸುವ ಸದ್ದು ಕೂಡ ಆ ಖರ್ಚಿನದೇ ಒಂದು ಪಾಲು.

ಕೆಳಗೆ ಬಂದಂತೆ ನೀರು ಸದ್ದಿಲ್ಲದೆ ಹರಿಯುತ್ತದೆ. ಉಪತೊರೆಗಳು ಸೇರಿ ಆಳ ಹೆಚ್ಚುತ್ತದೆ, ತಳ ನುಣುಪಾಗುತ್ತದೆ. 2 ಮೀಟರ್ ಅಗಲ, 10 ಸೆಂಟಿಮೀಟರ್ ಆಳದ ತೊರೆಯಲ್ಲಿ ಹೆಚ್ಚುಕಡಿಮೆ ನೀರೆಲ್ಲ ತಳಕ್ಕೆ ಉಜ್ಜಿಕೊಂಡೇ ಹೋಗಬೇಕು. ಆಳ ಅರ್ಧ ಮೀಟರ್ ಆದರೆ ಮೇಲಿನ ನೀರಿಗೆ ಆ ತೊಂದರೆ ಅಷ್ಟಿಲ್ಲ. ಇಳಿಜಾರು ಕಾಲುಭಾಗಕ್ಕೆ ಇಳಿದರೆ ವೇಗ ಅರ್ಧಕ್ಕೆ ಬೀಳುತ್ತದೆ, ನಿಜ. ಆದರೆ ಅಗಲವಾದ ಹೊಳೆಯಲ್ಲಿ ಆಳ ನಾಲ್ಕು ಪಟ್ಟಾದರೆ ವೇಗ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಲಾಭವೇ ಜಾಸ್ತಿ, ಅಲ್ವಾ? ಅಮೆರಿಕದ ನದಿ ವಿಜ್ಞಾನಿ ಲೂನಾ ಲಿಯೋಪೋಲ್ಡ್ ಅನೇಕ ನದಿಗಳ ಅಳತೆಗಳನ್ನು ಜೋಡಿಸಿ ಇದನ್ನು ತೋರಿಸಿದ್ದು 1953ರಲ್ಲಿ. ಅಲ್ಲಿಯವರೆಗೆ ಭೂಗೋಳ ಬಲ್ಲವರೂ ಕಣ್ಣನ್ನೇ ನಂಬಿದ್ದರು.

ಕಲ್ಲುಗಳ ಕಥೆ ಬೇರೆ. ಕೆಳಗೆ ಹೋದಂತೆ ಅವು ಸಣ್ಣದಾಗಿ, ದುಂಡಗಾಗಬೇಕು. ಮಕ್ಕಳನ್ನು ಸುಮ್ನೆ ಆರಿಸಿ ಅಂದರೆ ಚೆಂದದ ಕಲ್ಲುಗಳನ್ನೇ ಆರಿಸುತ್ತಾರೆ. ಅದಕ್ಕೇ ಒಂದು ಉಪಾಯ: ನೆಲ ನೋಡದೆ ಕೈ ಇಳಿಸಿ, ಬೂಟಿನ ತುದಿಯ ಹತ್ತಿರ ಬೆರಳಿಗೆ ಮೊದಲು ತಾಗಿದ ಕಲ್ಲನ್ನೇ ಎತ್ತಬೇಕು. ಅಮೆರಿಕದವರೇ ಆದ ಇನ್ನೊಬ್ಬ ನದಿ ವಿಜ್ಞಾನಿ ಗಾರ್ಡನ್ ವೋಲ್ಮನ್ 1954ರಲ್ಲಿ ಹೇಳಿಕೊಟ್ಟ ಕ್ರಮ ಇದು, ಹೀಗೆ ಸುಮಾರು 100 ಕಲ್ಲು. ಎಂಜಿನಿಯರುಗಳು ಇವತ್ತಿಗೂ ಬಳಸುತ್ತಾರೆ. ಇಷ್ಟಾದರೂ ಕೆಲವೊಮ್ಮೆ ಕೆಳಗಡೆಯೇ ಚೂಪು ಕಲ್ಲುಗಳು ಸಿಗುತ್ತವೆ. ತಲೆಯೆತ್ತಿ ನೋಡಿದರೆ ಪಕ್ಕದಲ್ಲೇ ದಡ ಕುಸಿದಿರುತ್ತದೆ.

ನಮ್ಮಲ್ಲೂ ಮಾಡಬಹುದು. ಮಳೆಗಾಲದಲ್ಲಿ ಬೇಡವೇ ಬೇಡ. ನವೆಂಬರ್ ಹೊತ್ತಿಗೆ, ನೀರು ಇನ್ನೂ ಹರಿಯುತ್ತಿರುವ ಸಣ್ಣ ಹಳ್ಳ ಸಾಕು, ಮೊಣಕಾಲಿಗಿಂತ ಆಳಕ್ಕೆ ಇಳಿಯಬಾರದು. ಕಾಲಲ್ಲಿ ಗಾಯ ಇದ್ದವರು ದಡದಲ್ಲೇ ಇದ್ದು ಲೆಕ್ಕ ಬರೆದುಕೊಳ್ಳಲಿ, ಇಲಿಜ್ವರದ ಭಯ ಅಲ್ಲೂ ಇದೆ, ಇಲ್ಲೂ ಇದೆ. ನಮ್ಮ ಹಳ್ಳಗಳಲ್ಲಿ ನಡುವೆ ಚೆಕ್‌ಡ್ಯಾಮ್ ಇರುತ್ತದೆ, ಪಂಪ್‌ಸೆಟ್ ಇರುತ್ತದೆ, ಮರಳು ತೆಗೆದ ಗುಂಡಿ ಇರುತ್ತದೆ. ಕೆಳಗೆ ಹೋದಂತೆ ಏರಬೇಕಾದ ಹರಿವಿನ ಗ್ರಾಫು ಒಂದು ಕಡೆ ದಿಢೀರನೆ ಬಿದ್ದರೆ, ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ದಡದಗುಂಟ ಮೇಲಕ್ಕೆ ನಡೆಯಬೇಕು. ನೀರು ಎಲ್ಲಿ ಹೋಯಿತು ಅನ್ನುವುದು ಅಲ್ಲೇ ಎಲ್ಲೋ ಸಿಗುತ್ತದೆ.